ದಿನಕ್ಕೊಂದು ಲೆಕ್ಕ

"ಇದಲ್ಲಪ್ಪ, ಗಟ್ಟಿ ಲೆಕ್ಕ ಇರೋದು ತೋರ್ಸು," ಎಂದಳು ತಿಪ್ಪಕ್ಕ, ಕಂಪ್ಯೂಟರಿನಲ್ಲಿ ಕುಣಿಯುತ್ತಿದ್ದ ಗಿಳಿಯನ್ನು ನೋಡಿ. "ಇದು ಅಂಗನವಾಡಿ ಹುಡುಗ್ರದ್ದು. ನನ್ನ ಮಗಳು ಹತ್ತನೇ ಕ್ಲಾಸು."

ಜಂಬಪ್ಪ ಮೌಸ್ ಬಿಟ್ಟು ತಲೆ ಕೆರೆದುಕೊಂಡ. ಹೊಸಪೇಟೆ ಬಸ್ ನಿಲ್ದಾಣದ ಹಿಂದಿನ ಅವನ ಸೈಬರ್ ಸೆಂಟರಿಗೆ ಅದಿರಿನ ರೇಟು ನೋಡುವವರು ಬರುತ್ತಿದ್ದರು, ರಿಸಲ್ಟ್ ನೋಡುವವರು ಬರುತ್ತಿದ್ದರು. ಲೆಕ್ಕದ ಆಟ ಕೇಳಿಕೊಂಡು ಬಂದವರು ಇವರೇ ಮೊದಲು.

"ಅಕ್ಕಾ, ಡಾಕ್ಟರ್ ಆಟ ಅಂದಾರೋ, ಪರೀಕ್ಷಾ ಅಂದಾರೋ?"

"ಆಟನ ಅಂದಾರ. ಇಂಟರ್‌ನೆಟ್ನಾಗ ದಿನಕ್ಕೊಂದು ಹೊಸಾ ಲೆಕ್ಕ ಬರತೈತಂತಲ್ಲ, ಅಂಥಾದ್ದೊಂದು ಆರಿಸಿ ದಿನಾ ಆಡಸ್ರಿ ಅಂದಾರ. ಪುಸ್ತಕ ತಗದ್ರ ಅಳತಾಳ ಇಕಿ."

ಸ್ನೇಹಾ ಪಕ್ಕದ ಸ್ಟೂಲಿನ ಮೇಲೆ ಕೂತು ಸ್ಕಾರ್ಫಿನ ತುದಿ ಜಗಿಯುತ್ತಿದ್ದಳು. ಆಪರೇಷನ್ನಿಗೆ ಬೋಳಿಸಿದ್ದ ತಲೆಯ ಮೇಲೆ ಕೂದಲು ಇನ್ನೂ ಬೆರಳುದ್ದವಷ್ಟೇ ಬೆಳೆದಿತ್ತು. ಬೇಸಿಗೆಗೆ ಮುಂಚೆ ಸಂಡೂರು ರಸ್ತೆಯಲ್ಲಿ ಅದಿರು ಲಾರಿಯೊಂದು ಅವಳು ಕೂತಿದ್ದ ಶಾಲೆ ಮಕ್ಕಳ ಆಟೋಗೆ ಗುದ್ದಿತ್ತು. ಸ್ನೇಹಾಳಿಗೆ ಮೊದಲು ಮಾತು ಬಂತು, ಆಮೇಲೆ ನಡಿಗೆ ಬಂತು. ಲೆಕ್ಕ ಮಾತ್ರ ಬರಲಿಲ್ಲ. ಹತ್ತನೇ ಪರೀಕ್ಷೆಗೆ ಹೆಸರು ಕಳಿಸಲು ಇವತ್ತೇ ಕೊನೆಯ ದಿನ. "ಆಕೀಗಿ ಲೆಕ್ಕ ಹತ್ತತಾವು ಅನ್ನಿಸಿದ್ರ ಸಂಜಿ ಒಳಗ ಫೋನ್ ಮಾಡಮ್ಮ, ಹೆಸರು ಕಳಸ್ತೀನಿ," ಎಂದಿದ್ದರು ಹೆಡ್ ಮಾಸ್ತರು. ಗಣಿ ಕಂಪನಿಯ ಮೆಸ್ಸಿನಲ್ಲಿ ರೊಟ್ಟಿ ಬಡಿಯುವ ತಿಪ್ಪಕ್ಕ ರಜೆ ಕೇಳಿ, ಬೈಸಿಕೊಂಡು, ಕೈಗೆ ಮೆತ್ತಿದ ಹಿಟ್ಟನ್ನೂ ಸರಿಯಾಗಿ ತೊಳೆಯದೆ ಬಂದಿದ್ದಳು.

ಜಂಬಪ್ಪ ಇನ್ನೊಂದು ಆಟ ತೆಗೆದ. ಚಿತ್ರವಿಲ್ಲ, ಬಣ್ಣವಿಲ್ಲ, ಮೇಲೊಂದು ಗಡಿಯಾರ. "ನಾಕು ಅಂಕಿ ಕೊಡ್ತಾರ. ಕೂಡ್ಸು, ಕಳಿ, ಗುಣಸು, ಏನರ ಮಾಡು. ಇಪ್ಪತ್ನಾಕು ಬರಬೇಕು. ದೊಡ್ಡದೊಡ್ಡೋರು ಆಡ್ತಾರಕ್ಕ ಇದನ್ನ."

"ಹಾಂ, ಇಂಥಾದ್ದು!" ತಿಪ್ಪಕ್ಕ ಮಗಳ ಸ್ಟೂಲನ್ನು ಮುಂದಕ್ಕೆ ಎಳೆದಳು. "ಸರ್ ಬೋರ್ಡಿನ ಮ್ಯಾಲ ಬರದು ಮುಗಸಾದ್ರಾಗ ಉತ್ತರ ಹೇಳತಿದ್ಲು. ಓದವಾ, ಏನೈತಿ ಓದು."

ಗಡಿಯಾರ ಓಡತೊಡಗಿತು. ಸ್ನೇಹಾ ಬೆರಳಿಟ್ಟು ಓದಿದಳು. "ಒಂದು, ಎರಡು, ಮೂರು, ನಾಕು..." ಪರದೆಯ ಮೇಲೆ ಇದ್ದದ್ದು ಅಷ್ಟೇ. ಅವಳ ಬೆರಳು ಮುಂದಕ್ಕೆ ಸರಿಯಿತು. "ಐದು, ಆರು, ಏಳು..."

ಅವ್ವನ ಮುಖ ನೋಡಿ ನಿಲ್ಲಿಸಿದಳು.

ಪಕ್ಕದ ಕ್ಯಾಬಿನ್ನಿನಿಂದ ಕೆಂಪು ಧೂಳಿನ ಬೂಟಿನವನೊಬ್ಬ ಇಣುಕಿದ. "ಎಲ್ಲಾ ಸುಮ್ನ ಗುಣಿಸಿದ್ರ ಆತಲ್ಲ. ಭಾಳ ಸಲೀಸೈತಿ."

"ನಿನ್ನನ್ನ್ಯಾರು ಕೇಳಿದ್ರಲೇ? ನಿಂದು ನೋಡ್ಕ ಹೋಗು," ಎಂದ ಜಂಬಪ್ಪ.

"ಗಾಬರಿ ಆಗ್ಯಾಳ," ಎಂದಳು ತಿಪ್ಪಕ್ಕ ಯಾರಿಗೂ ಅಲ್ಲದೆ. "ಇನ್ನೊಮ್ಮಿ ಹಚ್ಚು ತಮ್ಮಾ. ಮೊದಲಿಂದ ಹಚ್ಚು."

"ಅವ್ವಾ, ಆ ಗಡಿಯಾರ ಓಡತೈತಿ," ಎಂದಳು ಸ್ನೇಹಾ. "ನಂಗ ಗಿಳಿದು ಬೇಕು."

ಜಂಬಪ್ಪ ತಿಪ್ಪಕ್ಕನ ಮುಖ ನೋಡಿದ. ಅವಳು ಮಗಳ ಸ್ಟೂಲಿನಿಂದ ಕೈ ತೆಗೆದಳು. ಗಿಳಿ ಬಂತು. ಒಂದು ಕಡೆ ಐದು ಮಾವಿನಹಣ್ಣು, ಇನ್ನೊಂದು ಕಡೆ ಮೂರು. ಸ್ನೇಹಾ ಮುಟ್ಟಿ ಮುಟ್ಟಿ ಎಣಿಸಿದಳು. ಒಮ್ಮೆ ತಪ್ಪಿದಳು, ಮತ್ತೆ ಮೊದಲಿಂದ ಎಣಿಸಿದಳು. ಅವಳು ಎಂಟನ್ನು ಒತ್ತುವ ತನಕ ತಿಪ್ಪಕ್ಕ ಸೆರಗು ಹಿಂಡುತ್ತ ನಿಂತೇ ಇದ್ದಳು.

"ಇವತ್ತಿಂದು ಮುಗೀತು. ಹೊಸಾದು ನಾಳೀಗೆ," ಎಂದ ಜಂಬಪ್ಪ. "ಹೆಸರು, ವಯಸ್ಸು ಹಾಕಿಟ್ರ ನಾಳಿಂದ ಮುಂದುವರಿತೈತಿ. ವಯಸ್ಸೆಷ್ಟಕ್ಕ?"

"ಹದಿನೈದು."

"ಅಷ್ಟಿಲ್ಲ ಇದ್ರಾಗ. ಐದರಿಂದ ಒಂಬತ್ತರ ತನಕ ಐತಿ."

"ಹಂಗಾರ ಒಂಬತ್ತ ಹಾಕು."

"ಆರು ಹಾಕಣ್ಣ," ಎಂದಳು ಸ್ನೇಹಾ.

ಕೂಸಿನ ದನಿಯಲ್ಲ ಅದು. ಹಿಂದೆ ಅವ್ವ ಹಾಲಿನವಳ ಲೆಕ್ಕ ತಪ್ಪಿದಾಗ ಒಳಗಿನಿಂದಲೇ ತಿದ್ದುತ್ತಿದ್ದ ದನಿ. ಜಂಬಪ್ಪ ಮತ್ತೆ ಕೇಳಲಿಲ್ಲ. ಆರು ಒತ್ತಿದ.

ತಿಪ್ಪಕ್ಕ ಹೊರಗೆ ಬಂದು ಬಾಗಿಲ ಬಳಿಯ ಕಾಯಿನ್ ಫೋನಿಗೆ ಒಂದು ರೂಪಾಯಿ ಹಾಕಿದಳು. ಲಾರಿಗಳ ಸದ್ದಿಗೆ ಒಂದು ಕಿವಿ ಮುಚ್ಚಿಕೊಂಡಳು.

"ಹೇಳಮ್ಮ, ಕಳಿಸ್ಲೋ ಬ್ಯಾಡೋ?"

"ಬ್ಯಾಡ್ರಿ ಸರ್."

ಹೆಡ್ ಮಾಸ್ತರು ದನಿ ತಗ್ಗಿಸಿದರು. "ಈ ವರ್ಷ ಬ್ಯಾಡ, ಅಷ್ಟ ಹೌದಿಲ್ಲೋ? ಬರೋ ವರ್ಷ ಪರೀಕ್ಷಾಕ್ಕ ಕೂಡಸೋಣಂತ. ಏನಮ್ಮಾ?"

ಫೋನು ಇನ್ನೊಂದು ನಾಣ್ಯ ಕೇಳುತ್ತ ಕುಂಯ್‌ಗುಟ್ಟತೊಡಗಿತು. ನಾಣ್ಯ ಅವಳ ಮುಷ್ಟಿಯಲ್ಲೇ ಇತ್ತು. ಸದ್ದು ನಿಂತು ಲೈನು ಕಟ್ಟಾಯಿತು.

"ಆತೇನಕ್ಕ?" ಎಂದ, ಹಿಂದೆ ಕಾಯುತ್ತಿದ್ದವನು.

ಆಯಿತೆಂದು ತಲೆಯಾಡಿಸಿದಳು. ರಿಸೀವರನ್ನು ಮಾತ್ರ ಕಿವಿಯಿಂದ ತೆಗೆಯಲಿಲ್ಲ.