ಆರನೆಯ ಹೆಗಲು

ಕಾರಿನ ಬಾಗಿಲು ತೆಗೆದು ಒಂದು ಕಾಲನ್ನು ಹಿಮಕ್ಕೆ ಇಟ್ಟಿದ್ದ ರಘೋತ್ತಮನ ಕೋಟಿನ ತೋಳನ್ನು ಪದ್ಮ ಹಿಂದಿನಿಂದ ಹಿಡಿದೆಳೆದಳು.

"ಮಾತು ಕೊಟ್ಟಿದೀರಿ. ಮುಖ ನೋಡಿ ಬಂದ್ಬಿಡಿ. ಪೆಟ್ಟಿಗೆ ಮಾತ್ರ ಮುಟ್ಟಬೇಡಿ."

"ಮುಟ್ಟಲ್ಲ ಮಾರಾಯ್ತಿ, ಬಿಡು."

ಅವಳಿಗೆ ಏಳನೇ ತಿಂಗಳು. ಹೆಂಡತಿ ಬಸುರಿಯಾಗಿದ್ದಾಗ ಗಂಡ ಹೆಣಕ್ಕೆ ಹೆಗಲು ಕೊಡಬಾರದು ಎಂಬುದನ್ನು ಅವರ ಊರು ಮೈಸೂರಿನಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ರಘೋತ್ತಮ ಡಾಕ್ಟರು, ಇದನ್ನೆಲ್ಲ ಕೇಳಿ ನಗುತ್ತಿದ್ದವನು. ಆದರೆ ಎರಡು ಬಸಿರು ಇಳಿದುಹೋದ ಮೇಲೆ ಮೂರನೆಯ ಸಲ ನಗುವ ಎದೆ ಅವನಿಗೂ ಇರಲಿಲ್ಲ.

ಡೆಟ್ರಾಯಿಟ್‌ನ ಆ ಚರ್ಚಿನ ಬಾಗಿಲಲ್ಲೇ, ತೀರಿಹೋದ ವಾಲ್ಟ್‌ನ ಹೆಂಡತಿ ಮಾರ್ಜ್ ಒಂದು ಚೀಟಿ ಹಿಡಿದು ಕಾಯುತ್ತಿದ್ದಳು. "ಅವನೇ ಬರೆದಿಟ್ಟದ್ದು. ತನ್ನನ್ನ ಹೊರಬೇಕಾದ ಆರು ಜನ."

ಐವರು ಆಗಲೇ ನಿಂತಿದ್ದರು. ಅಬ್ಬಾ, ಎಂಥ ಆಳುಗಳು! ಅಮೆರಿಕನ್ ಫುಟ್‌ಬಾಲ್ ತಂಡದ ಕ್ವಾರ್ಟರ್‌ಬ್ಯಾಕ್ ಆಗಿದ್ದ ವಾಲ್ಟ್ ಚೆಂಡು ಎಸೆಯುವಾಗ ಎದುರಾಳಿಗಳು ಅವನ ಮೇಲೆ ಬೀಳದಂತೆ ಗೋಡೆ ಕಟ್ಟಿ ಕಾಯುತ್ತಿದ್ದವರು. ಆರನೆಯ ಹೆಸರು ರಘೋತ್ತಮನದು.

"ನನ್ನಿಂದಾಗಲ್ಲ, ಮಾರ್ಜ್."

ಐವರಲ್ಲಿ ಹಿರಿಯನಾದ ಸ್ಟ್ಯಾನ್ ಮುಂದೆ ಬಂದ. "ಆಗಲ್ಲ ಅನ್ನೋ ಮಾತು ನಿಮಗೂ ಬರುತ್ತಾ ಡಾಕ್ಟರೇ? ಅವತ್ತು ಶಿಕಾಗೋದಲ್ಲಿ ಬರಲಿಲ್ಲವಲ್ಲ."

* * *

ಅವತ್ತು ಎಂದರೆ ಆರು ವರ್ಷದ ಹಿಂದೆ, ಅರವತ್ತೊಂಬತ್ತರ ಫೈನಲ್. ಅರ್ಧ ಆಟ ಮುಗಿದಿತ್ತು. ವಾಲ್ಟ್‌ನ ಬಲಭುಜದ ಸ್ನಾಯು ಹರಿದಿತ್ತು. ತರಬೇತುದಾರ ಬಾಗಿಲಲ್ಲಿ ನಿಂತು ಗಡಿಯಾರ ನೋಡುತ್ತಿದ್ದ.

"ಅರ್ಧ ಗಂಟೆ ಸಾಕು ಡಾಕ್ಟರೇ. ಈ ಕೈಯನ್ನ ನನಗೆ ವಾಪಸ್ ಕೊಡಿ."

ನೋವು ಮರೆಸಿ ಆಡಿಸಿದರೆ ಆ ಭುಜದ ಕತೆ ಅಲ್ಲಿಗೇ ಮುಗಿಯಿತೆಂದು ರಘೋತ್ತಮನಿಗೆ ಚೆನ್ನಾಗಿ ಗೊತ್ತಿತ್ತು. ತಂಡದ ಡಾಕ್ಟರಾಗಿ ಸೇರಿ ಎರಡೇ ತಿಂಗಳಾಗಿತ್ತು, ಆಗಲ್ಲ ಎನ್ನಲು ಬಾಯಿ ಬರಲಿಲ್ಲ. ಸೂಜಿ ಚುಚ್ಚಿದ.

ವಾಲ್ಟ್ ಗೆಲ್ಲಿಸಿದ. ಆಮೇಲೆ ಆ ಕೈ ಕಿವಿಯ ಮಟ್ಟಕ್ಕೂ ಏಳಲಿಲ್ಲ. ಆ ಚಾಂಪಿಯನ್ ಒಂದು ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡು ಎಡಗೈಯಲ್ಲಿ ಮೊಳೆ ತೂಗಿದ. ಊರಾಚೆಯ ವೆಸ್ಟ್ ಬ್ಲೂಮ್‌ಫೀಲ್ಡ್‌ನಲ್ಲಿ ರಘೋತ್ತಮನ ಪಕ್ಕದ ಮನೆಗೇ ಬಂದ. ಪ್ರತಿ ಕ್ರಿಸ್‌ಮಸ್ಸಿಗೂ ಪದ್ಮಳಿಗೆಂದು ಮೊಟ್ಟೆ ಹಾಕದ ಕೇಕು ತಂದುಕೊಟ್ಟ. ಸೂಜಿಯ ಮಾತು ಒಮ್ಮೆಯೂ ಎತ್ತಲಿಲ್ಲ. ಉಗಿದು ಉಪ್ಪು ಹಾಕಿದ್ದರೆ ರಘೋತ್ತಮ ನೆಮ್ಮದಿಯಾಗಿ ನಿದ್ದೆಯಾದರೂ ಮಾಡುತ್ತಿದ್ದ. ಮೊನ್ನೆ ಅಂಗಡಿಯಲ್ಲೇ ವಾಲ್ಟ್‌ನ ಎದೆಬಡಿತ ನಿಂತುಹೋಯಿತು.

* * *

ರಘೋತ್ತಮ ಕಾರಿಗೆ ಮರಳಿ ಸ್ಟಿಯರಿಂಗ್ ಹಿಡಿದು ಕೂತ. "ಆರನೆಯವನು ನಾನಂತೆ. ಆಗಲ್ಲ ಅಂದೆ."

ಪದ್ಮ ಅವನ ಕಡೆ ತಿರುಗಿದಳು.

"ಹೋದ ಚಳಿಗಾಲ ನನಗೆ ರಕ್ತ ಹೋದ ದಿನ ನೀವು ಡ್ಯೂಟಿಲಿದ್ರಿ. ನನ್ನ ಆಸ್ಪತ್ರೆಗೆ ಸೇರಿಸಿದ್ದು ಯಾರು?"

"ವಾಲ್ಟ್ ಡ್ರೈವ್ ಮಾಡಿದ."

"ಡ್ರೈವ್ ಆಮೇಲೆ. ಮೊಳಕಾಲುದ್ದ ಹಿಮ, ಕಾರು ಮನೆ ಹತ್ರ ಬರ್ಲಿಲ್ಲ. ರಸ್ತೆವರೆಗೂ ಎತ್ಕೊಂಡು ಹೋದ್ರು ರೀ, ಎರಡೂ ಕೈಲಿ. ಆ ಭುಜದ ನೋವಿಗೆ ಕಣ್ಣಲ್ಲಿ ನೀರು ಸುರೀತಿತ್ತು. ಡಾಕ್ಟರಿಗೆ ಹೇಳಬೇಡ, ನೊಂದ್ಕೋತಾರೆ ಅಂದ್ರು. ನಾನೂ ಹೇಳಲಿಲ್ಲ."

ಅಷ್ಟರಲ್ಲಿ ಚರ್ಚಿನ ಬಾಗಿಲು ತೆರೆಯಿತು. ಐವರೇ ಹೊತ್ತು ಬರುತ್ತಿದ್ದರು. ಬಲಗಡೆ ಹಿಂದಿನ ಹಿಡಿ ಖಾಲಿ. ಮಂಜುಗಟ್ಟಿದ ಮೆಟ್ಟಿಲ ಮೇಲೆ ಸ್ಟ್ಯಾನ್ ಜಾರಿದ, ಪೆಟ್ಟಿಗೆ ಬಲಕ್ಕೆ ವಾಲಿತು. ಮಾರ್ಜ್ ಚೀರಿದಳು.

"ಏನ್ರೀ ನೋಡ್ತಾ ಕೂತಿದೀರಿ? ಹೋಗ್ರೀ!"

"ಮಗು, ಪದ್ಮ..."

"ಅದನ್ನ ನಾನು ನೋಡ್ಕೋತೀನಿ. ಹೋಗಿ!"

ರಘೋತ್ತಮ ಓಡಿದ. ಕೈಗವಸು ಕಾರಿನಲ್ಲೇ ಉಳಿಯಿತು. ಕೊರೆಯುವ ಹಿತ್ತಾಳೆಯ ಹಿಡಿಯನ್ನು ಬರಿಗೈಯಲ್ಲಿ ಹಿಡಿದು, ಹೆಗಲು ಒಡ್ಡಿ ಮೇಲೆತ್ತಿದ. ಪೆಟ್ಟಿಗೆ ನೇರವಾಯಿತು. ಸ್ಟ್ಯಾನ್ ತಿರುಗಿ ನೋಡಿ, ಸಾವರಿಸಿಕೊಂಡು ಹೆಜ್ಜೆ ಹಾಕಿದ.

ಕಾರಿನ ಪಕ್ಕದಲ್ಲಿ ಪದ್ಮ ಹಿಮಕ್ಕೆ ಇಳಿದು ನಿಂತಿದ್ದಳು, ಎರಡೂ ಕೈಗಳಿಂದ ಹೊಟ್ಟೆಯನ್ನು ಕೆಳಗಿನಿಂದ ಎತ್ತಿ ಹಿಡಿದುಕೊಂಡು.