ಹಾಕೀನೋ ಇಲ್ಲೋ

ಪಿಪೆಟ್ಟಿನ ತುದಿಯಲ್ಲಿ ಏನೋ ಮಿನುಗಿತು, ಹನಿಯೋ, ಬರೀ ಟ್ಯೂಬ್‌ಲೈಟಿನ ಬೆಳಕೋ, ಮುಕ್ತಾ ಕಣ್ಣು ಕಿರಿದು ಮಾಡಿ ನೋಡಿದಳು, ಹನಿಯಾದರೆ ಇನ್ನೂ ಹಾಕಿಲ್ಲ, ಬೆಳಕಾದರೆ ಹಾಕಿ ಆಗಿದೆ — ಆಗಿದೆಯೇ? ಈಗಷ್ಟೇ ಕೋಥರೂಡದ ಮನೆಯಿಂದ ಅವ್ವನ ಫೋನು ಬಂದಿತ್ತು, ಲ್ಯಾಬಿನ ಮೇಜಿನ ಮೇಲೇ ಸ್ಪೀಕರ್ ಹಾಕಿ ಮಾತಾಡಿದ್ದಳು, ಮುಕ್ತಾ, ನಿಮ್ಮಪ್ಪ ಎಷ್ಟೊತ್ತಿಗೆ ಬರ್ತಾರವಾ, ಬರ್ತಾರ ಅವ್ವಾ, ನೀ ಊಟಾ ಮಾಡು, ಅಪ್ಪ ತೀರಿಹೋಗಿ ಎಷ್ಟೋ ವರ್ಷವಾಯಿತು, ಈ ಸುಳ್ಳು ನಾಲಿಗೆಗೆ ರೂಢಿಯಾಗಿಬಿಟ್ಟಿದೆ, ಅದಿರಲಿ, ಬಾಯಿ ಅಷ್ಟು ಮಾತಾಡುವಾಗ ಕೈ ಏನು ಮಾಡುತ್ತಿತ್ತು? ಶೀಶೆಯನ್ನು ಎತ್ತಿ ಬೆಳಕಿಗೆ ಹಿಡಿದಳು, ಇಂಟರ್‌ಲ್ಯೂಕಿನ್, ಮನುಷ್ಯರ ಮೈಯೊಳಗಿನದೇ ಪ್ರೋಟೀನು, ಇದು ಮಾತ್ರ ಬ್ಯಾಕ್ಟೀರಿಯಾದೊಳಗೆ ಬೆಳೆಸಿ ಸೋಸಿ ತೆಗೆದದ್ದು, ಕೋಶಗಳಿಗೆ ಬದುಕಿರಿ ಎಂದು ಹೇಳುವುದೇ ಅದರ ಕೆಲಸ, ಆದರೆ ಬಣ್ಣವಿಲ್ಲ ವಾಸನೆಯಿಲ್ಲ, ಹಾಕುವುದೋ ಕಣ್ಣಿಗೆ ಕಾಣದಷ್ಟು, ಹಾಕುವ ಮೊದಲೂ ಶೀಶೆ ಹೀಗೇ, ಹಾಕಿದ ಮೇಲೂ ಹೀಗೇ, ಇನ್ನು ವಹಿಯಲ್ಲಿ ಟಿಕ್ ಇದೆಯಲ್ಲ, ಇದೆ, ಕೆಲಸಕ್ಕೆ ಮೊದಲೇ ಟಿಕ್ ಹಾಕಿಕೊಂಡು ಕೂರುವ ಜಾಣೆ ಇವಳು. ತಟ್ಟೆಯಲ್ಲಿರುವ ಕೋಶಗಳು ಸೋಲಾಪುರದ ಅಜ್ಜ ಒಬ್ಬರ ರಕ್ತದವು, ಅಜ್ಜ ಹೋದ ತಿಂಗಳು ತೀರಿಕೊಂಡರು, ಇನ್ನೊಂದು ಸಲ ಕೊಡ್ರಿ ಎಂದು ಯಾರನ್ನು ಕೇಳುವುದು, ಹಾಕದಿದ್ದರೆ ಸಾಯುತ್ತವೆ, ಎರಡು ಸಲ ಬಿದ್ದರೆ ಪ್ರಯೋಗದಿಂದ ಬರುವ ಉತ್ತರವೆಲ್ಲ ಸುಳ್ಳು, ಹಾಕೀನೋ ಇಲ್ಲೋ — ಇದು ಯಾರ ಮಾತು, ಇದು ಅವ್ವನ ಮಾತು, ಬೆಳಿಗ್ಗೆ ಒಲೆಯ ಮುಂದೆ ಉಪ್ಪಿನ ಚಮಚ ಹಿಡಿದು ನಿಂತಿದ್ದಳು, ಸಾರು ಕುದಿಯುತ್ತಿತ್ತು, ಉಪ್ಪು ಹಾಕೀನೋ ಇಲ್ಲೋ ಮುಕ್ತಾ, ಒಂದು ಹನಿ ಅಂಗೈಗೆ ಬಿಟ್ಟುಕೊಂಡು ನೆಕ್ಕಿದಳು, ನೆಕ್ಕಿದರೂ ತಿಳಿಯಲಿಲ್ಲ, ಇನ್ನೊಂದು ಹನಿ ಬಿಟ್ಟು ಅಂಗೈಯನ್ನು ಇವಳತ್ತ ಚಾಚಿದಳು, ನೀ ಹೇಳವಾ, ಉಪ್ಪೋ ಉಪ್ಪು, ಬಾಯಿಗೆ ಹಾಕುವ ಹಾಗಿರಲಿಲ್ಲ, ಸರಿ ಅದ ಅವ್ವಾ ಎಂದು ಹೇಳಿ ಎರಡು ಸಲ ಬಡಿಸಿಕೊಂಡು ಉಂಡು ಬಂದಿದ್ದಳು. ಅವ್ವನನ್ನು ನೋಡುವ ಬೆಳಗಾವಿ ಕಡೆಯ ಡಾಕ್ಟರು ಫೈಲು ಮುಚ್ಚುತ್ತ ಕೇಳಿದ್ದರು, ನಿಮ್ಮ ಮನ್ಯಾಗ ಮತ್ತ್ಯಾರಿಗರ ಹಿಂಗ ಮರವು ಇತ್ತೇನ್ರಿ, ಅಜ್ಜಿಗಿತ್ತ್ರಿ ಎಂದಿದ್ದಳು, ಅವರು ತಲೆಯೆತ್ತಿ ಇವಳನ್ನು ನೋಡಿದ್ದರು, ಅಜ್ಜಿಗೆ, ಅವ್ವಗೆ, ಆಮೇಲೆ — ಛೆ, ಫೋನು ಬಂದರೆ ಯಾರಿಗಾದರೂ ಮರೆಯುತ್ತದೆ, ಮೊನ್ನೆ ಗಾಡಿಯ ಕೀಲಿ ಗಾಡಿಯಲ್ಲೇ ಬಿಟ್ಟು ಮನೆಯೆಲ್ಲ ಹುಡುಕಿದ್ದೂ ಹಾಗೆಯೇ, ಎಲ್ಲರಿಗೂ ಆಗುತ್ತದೆ, ಎಲ್ಲರಿಗೂ ಆಗುತ್ತದೆಯೇ? ಹೆದರಿಕೆಯಾಯಿತು, ಕೋಶಗಳು ಸತ್ತರೆ ಸಾಯಲಿ, ಹಾಕಿದ್ದು ನೆನಪಾದರೆ ಸಾಕು.

ಝಾಲಂ ಕಾ, ಪಕ್ಕದ ಮೇಜಿನ ಸ್ವಪ್ನಿಲ್, ಆಯಿತೇನು ಎಂದು ಮರಾಠಿಯಲ್ಲಿ ಕೇಳುತ್ತಿದ್ದಾನೆ, ಹೋ, ಝಾಲಂ, ಹೂಂ ಆಯಿತು ಎಂದು ಬಾಯಿ ತಾನೇ ಹೇಳಿಬಿಟ್ಟಿತು, ಅವನು ನಂಬಿ ತಟ್ಟೆ ಎತ್ತಿಕೊಂಡು ಹೋದ, ತಡಿ ಅನ್ನಬೇಕು, ಏನೆಂದು ತಡೆಯುವುದು, ನನಗ ಗೊತ್ತಿಲ್ಲ ಅಂತಲೇ? ಗ್ಲವ್ಸು ಹಾಕಿದ ಕೈ ಮೇಜಿನ ಮೇಲೆ ಅಂಗಾತ ಬಿದ್ದಿತ್ತು, ಪಿಪೆಟ್ಟಿನ ತುದಿಯನ್ನು ಅದರ ಮೇಲೆ ಒತ್ತಿದಳು, ಹನಿ ಬಿತ್ತೋ ಇಲ್ಲವೋ, ನೋಡಿದಳು, ಮತ್ತೆ ನೋಡಿದಳು, ಕಂಡದ್ದು ಅವ್ವನ ಅಂಗೈ, ನಡುವೆ ಒಂದು ಹನಿ ಸಾರು, ನೀ ಹೇಳವಾ