ಭಾವನ ಬ್ಲಾಗಿನಲ್ಲಿ ಅಕ್ಕನಿಗೆ ಮಾತಿಲ್ಲ

ನಮ್ಮ ಭಾವ ಕತೆ ಬರೆಯಲು ಶುರು ಮಾಡಿದ್ದರಿಂದ ನಮ್ಮಕ್ಕನ ಮರ್ಯಾದೆ ಹೋಯಿತು. ಹೋದದ್ದನ್ನು ವಾಪಸ್ ತರಲು ಇನ್ನಷ್ಟು ಕತೆ ಬರೆಯಬೇಕಾಯಿತು. ಬೇರೆ ದಾರಿಯೇ ಇರಲಿಲ್ಲವೇ ಎಂದು ಈಗ ಕೇಳುವವರಿದ್ದಾರೆ. ಇರಲಿಲ್ಲ.

ಭಾವನದು ಕನ್ನಡಕದ ಅಂಗಡಿ. ಅಕ್ಕ ಮನೆಯ ಮುಂದಿನ ಕೋಣೆಯಲ್ಲಿ ಹೆಂಗಸರ ಬಟ್ಟೆ ಹೊಲಿಯುತ್ತಾಳೆ. ನಾನು ಅದೇ ಕಟ್ಟಡದ ಕೆಳಗಿನ ಮನೆಯಲ್ಲಿದ್ದೇನೆ. ಆಸ್ಪತ್ರೆಯಲ್ಲಿ ಡಾಕ್ಟರುಗಳು ಹೇಳಿದ್ದನ್ನು ಕೇಳುತ್ತ ಕೇಳುತ್ತ ಟೈಪ್ ಮಾಡುವುದು ನನ್ನ ಕೆಲಸ. ಇನ್ನು ಅಕ್ಕನ ವಿಷಯ ಒಂದೇ ಮಾತಿನಲ್ಲಿ ಹೇಳೋಣವೆಂದರೆ, ಅವಳಿಗೆ ಒಂದು ಮಾತು ಯಾವತ್ತೂ ಸಾಕಾಗಿಲ್ಲ. ತುಟಿಯ ನಡುವೆ ಗುಂಡುಸೂಜಿ ಕಚ್ಚಿಕೊಂಡು, ಒಂದೂ ಕೆಳಗೆ ಬೀಳದಂತೆ ಅವಳು ಗಂಟೆಗಟ್ಟಲೆ ಮಾತಾಡಬಲ್ಲಳು. ಅಳತೆ ಕೊಡಲು ಬಂದವರು ಅಳತೆಯ ಜೊತೆಗೆ ಅತ್ತೆಯ ಸುದ್ದಿ, ನಾದಿನಿಯ ಸುದ್ದಿಯನ್ನೂ ಕೊಟ್ಟು ಹೋಗುತ್ತಿದ್ದರು. ಬೀದಿಯಲ್ಲಿ ಯಾರಿಗೆ ಯಾರ ಮೇಲೆ ಮುನಿಸಿದ್ದರೂ ಅದು ಕೊನೆಗೆ ಅಕ್ಕನ ಕೋಣೆಗೇ ಬರುತ್ತಿತ್ತು. ಇಬ್ಬರನ್ನೂ ಕೂರಿಸಿ, ಅವರು ಬಾಯಿ ತೆರೆಯುವ ಮೊದಲೇ ಇಬ್ಬರ ಪರವಾಗಿಯೂ ತಾನೇ ಮಾತಾಡಿ ಮುಗಿಸಿ ಕಳಿಸುತ್ತಿದ್ದಳು.

ಆಗ ಅವಳ ಕೈಯಲ್ಲಿದ್ದದ್ದು ಬೇಕರಿಯವರ ಜಗಳ. ಮೂಲೆಯ ಬೇಕರಿಯ ಅಣ್ಣತಮ್ಮಂದಿರು ಮಾತು ಬಿಟ್ಟು ಅಂಗಡಿಯ ನಡುವೆ ಪ್ಲೈವುಡ್ ಹೊಡೆಸಿಕೊಂಡಿದ್ದರು. ಪಾಲು ಮಾಡುವ ಆವೇಶದಲ್ಲಿ ಹಿಟ್ಟು ಕಲಸುವ ಯಂತ್ರ ತಮ್ಮನ ಕಡೆಗೂ ಒಲೆ ಅಣ್ಣನ ಕಡೆಗೂ ಹೋಗಿದ್ದವು. ಹಾಗಾಗಿ ತಮ್ಮ ಹಿಟ್ಟು ಕಲಸಿ, ಹೊತ್ತುಕೊಂಡು ತನ್ನ ಬಾಗಿಲಿಂದ ಬೀದಿಗೆ ಬಂದು, ಅಣ್ಣನ ಬಾಗಿಲ ಮುಂದೆ ಇಟ್ಟು, ಕದಕ್ಕೆ ಎರಡು ಸಲ ಬಡಿದು ಹೋಗುತ್ತಿದ್ದ. ಅಣ್ಣ ಬೇಯಿಸಿ ಕೊಡುತ್ತಿದ್ದ. ಬ್ರೆಡ್ಡು ಕೆಡುತ್ತಿತ್ತು. ಅಕ್ಕ ಹೋಗಿ ಬಂದು, ಹೋಗಿ ಬಂದು, ಕಡೆಗೂ ಇಬ್ಬರನ್ನೂ ಒಂದೇ ಮೇಜಿಗೆ ಕೂರಲು ಒಪ್ಪಿಸಿದ್ದಳು. ನಡುವೆ ಅವಳು ಕೂರಬೇಕೆಂದು ಮಾತಾಗಿತ್ತು. ಅಷ್ಟು ದೊಡ್ಡ ಜಗಳ ಅವಳ ಕೈಗೆ ಅಲ್ಲಿಯವರೆಗೆ ಬಂದಿರಲಿಲ್ಲ. ಅದು ಬಗೆಹರಿದರೆ ಈ ಬೀದಿಯಲ್ಲಿ ತನ್ನ ಮಾತಿಗೆ ಎದುರಿಲ್ಲ ಎನ್ನುವುದು ಅವಳ ಲೆಕ್ಕ.

ಇದೇ ಹೊತ್ತಿಗೆ ಭಾವನಿಗೆ ಬ್ಲಾಗಿನ ಹುಚ್ಚು ಹಿಡಿಯಿತು.

ಮಧ್ಯಾಹ್ನ ಕನ್ನಡಕದ ಅಂಗಡಿಗೆ ಯಾರೂ ಬರುವುದಿಲ್ಲ. ಬ್ಲಾಗಿನಲ್ಲಿ ಕತೆ ಹೇಳುವುದು ಹೇಗೆ ಎಂದು ಭಾವ ಎಲ್ಲೋ ಓದಿದರು. ಕತೆ ಎಂದು ಹೇಳಿಕೊಳ್ಳಬಾರದಂತೆ. ಪಾತ್ರವೇ ಕೂತು ತನ್ನ ದಿನದ ಸುದ್ದಿ ಬರೆದ ಹಾಗಿರಬೇಕಂತೆ. ನಡುವಿನಿಂದ ಶುರು ಮಾಡಬೇಕು. ವಾರದಲ್ಲಿ ಗೊತ್ತಾದ ಒಂದು ದಿನ ತಪ್ಪದೆ ಬರೆಯಬೇಕು. ಪ್ರತಿ ಸಲವೂ ಏನಾದರೊಂದು ಮುಗಿಯದೆ ಉಳಿದಿರಬೇಕು. ಓದಿದವರು ಕೆಳಗೆ ಏನಾದರೂ ಕೇಳಿದರೆ ಪಾತ್ರ ಉತ್ತರ ಕೊಡಬೇಕೇ ಹೊರತು ಬರೆದವನು ಮಧ್ಯೆ ತಲೆ ಹಾಕಬಾರದು. ಕಣ್ಣಿನ ನಂಬರಿನ ವಿಷಯದಲ್ಲಿ ಕಾಲು ಪಾಯಿಂಟೂ ಅತ್ತಿತ್ತ ಆಗಲು ಬಿಡದ ಮನುಷ್ಯ ಅವರು. ಇದನ್ನೂ ಹಾಗೆಯೇ ಪಾಲಿಸಿದರು.

ಮೊದಲ ಸಾಲು ನನಗೇ ಓದಿ ಹೇಳಿದ್ದರು. ‘ಇವತ್ತೂ ಅವಳು ಮಾತಾಡಲಿಲ್ಲ.’ ಚೆನ್ನಾಗಿದೆ ಭಾವ, ನಡುವಿನಿಂದಲೇ ಶುರುವಾಗಿದೆ ಎಂದೆ. ಅಲ್ಲಿಂದ ಮುಂದೆ ಗಂಡನೊಬ್ಬ, ಮಾತು ಬಿಟ್ಟ ಹೆಂಡತಿಯ ಜೊತೆ ಒಂದೇ ಮನೆಯಲ್ಲಿ ದಿನ ತಳ್ಳುವುದೇ ಕತೆ. ಭಾವನಿಗೆ ಇಲ್ಲದ್ದನ್ನು ಕಲ್ಪಿಸಿಕೊಳ್ಳಲು ಬರುವುದಿಲ್ಲ. ಕಂಡದ್ದನ್ನು ಅಳೆದು ಬರೆಯುತ್ತಾರೆ. ಹಾಗಾಗಿ ಕತೆಯ ಹೆಂಡತಿ ಅಳತೆ ಟೇಪು ಕೊರಳಲ್ಲಿ ಹಾಕಿಕೊಂಡೇ ನಿದ್ದೆ ಹೋಗುತ್ತಿದ್ದಳು. ಕತೆಯ ಫ್ರಿಜ್ಜಿನ ಬಾಗಿಲಿಗೆ ಮೊಣಕಾಲು ಕೊಟ್ಟರೇ ಮುಚ್ಚಿಕೊಳ್ಳುವುದು. ಕತೆಯ ಅಡುಗೆಮನೆಯ ನಲ್ಲಿ ಸೋರದಂತೆ ನೀಲಿ ಲೈನಿಂಗ್ ಬಟ್ಟೆಯ ಚೂರು ಸುತ್ತಿತ್ತು. ಎಲ್ಲವೂ ಇದ್ದದ್ದು ಇದ್ದ ಹಾಗೇ, ಹೆಂಡತಿಯ ಬಾಯಿಯೊಂದನ್ನು ಬಿಟ್ಟು.

ಅದನ್ನೇಕೆ ಬದಲಾಯಿಸಿದಿರಿ ಎಂದು ಕೇಳಿದೆ.

“ನಾನು ಒಂದೇ ಬೆರಳಲ್ಲಿ ಟೈಪ್ ಮಾಡೋನು. ನಿಮ್ಮಕ್ಕ ಹಲ್ಲುಜ್ಜುವಾಗ ಆಡಿದ್ದನ್ನ ಬರೆದು ಮುಗಿಸೋಷ್ಟರಲ್ಲಿ ನನಗೇ ಹಲ್ಲು ಬಿದ್ದುಹೋಗಿರುತ್ತೆ. ಮಾತು ತೆಗೆದುಬಿಟ್ಟೆ, ಹಗುರವಾಯ್ತು.”

ಓದುಗರು ಹೆಚ್ಚಾದರು. ಪಾಪ ಗಂಡ ಎಂದು ಎಲ್ಲೆಲ್ಲಿಂದಲೋ ಕಾಮೆಂಟು ಬಂದವು. ಅಕ್ಕನಿಗೂ ಗೊತ್ತಿತ್ತು, ಬರೆದುಕೊಳ್ಳಲಿ, ಮೊಬೈಲಿನಲ್ಲಿ ಇಸ್ಪೀಟು ಆಡುವುದಕ್ಕಿಂತ ವಾಸಿ ಎಂದಿದ್ದಳು.

ಒಂದು ದಿನ, ಯಾರದೆಂದು ಗೊತ್ತಿಲ್ಲದೆಯೇ ಆ ಬ್ಲಾಗು ಓದುತ್ತಿದ್ದ ನಮ್ಮ ಆಸ್ಪತ್ರೆಯ ನರ್ಸಮ್ಮ ಹೊಲಿದ ಬಟ್ಟೆ ತೊಟ್ಟು ನೋಡಲು ಬಂದರು. ಕೈ ತೊಳೆಯಲು ಒಳಗೆ ಹೋದವರು ನಲ್ಲಿಯ ಮುಂದೆ ನಿಂತೇಬಿಟ್ಟರು. ನೀಲಿ ಬಟ್ಟೆ. ಫ್ರಿಜ್ಜಿನ ಕಡೆ ನೋಡಿದರು. ಅದೇ ಹೊತ್ತಿಗೆ ಅಕ್ಕ ಮೊಣಕಾಲಿನಿಂದ ಅದರ ಬಾಗಿಲು ಮುಚ್ಚಿದಳು. ನರ್ಸಮ್ಮ ಅಕ್ಕನ ಹೆಗಲು ಸವರಿ ಹೊರಟುಹೋದರು. ಸಂಜೆಯ ಹೊತ್ತಿಗೆ ಬೀದಿಗೆಲ್ಲ ಗೊತ್ತಾಯಿತು.

ಮರುದಿನದಿಂದ ಅಕ್ಕನಿಗೆ ಬುದ್ಧಿಮಾತಿನ ಸುರಿಮಳೆ. ಗಂಡ ಎಂದ ಮೇಲೆ ಒಂದು ಮಾತು ಬರುತ್ತೆ ಹೋಗುತ್ತೆ, ಮನಸ್ಸಿಗೆ ಹಚ್ಚಿಕೊಳ್ಳಬಾರದು ಎಂದರು. ಅಕ್ಕ ಎಲ್ಲರಿಗೂ ಬಿಡಿಸಿ ಬಿಡಿಸಿ ಹೇಳಿದಳು: ಅದು ಕತೆ, ಮನೆಯಲ್ಲಿ ನನ್ನ ಬಾಯಿ ಮುಚ್ಚಿದ್ದೇ ಇಲ್ಲ. ಅವಳು ಹೇಳಿದಷ್ಟೂ ಅವರ ನಂಬಿಕೆ ಗಟ್ಟಿಯಾಯಿತು. ಹೊರಗೆ ಇಷ್ಟು ಮಾತಾಡುವವಳು ಒಳಗೆ ಉಳಿಸಿಕೊಳ್ಳುವುದಾದರೂ ಏನು ಎಂದರು.

ಬೇಕರಿಯ ಅಣ್ಣ ನೇರವಾಗಿ ಮನೆಗೇ ಬಂದ. ಹೊಸ್ತಿಲ ಹೊರಗೇ ನಿಂತು, ಬೇಜಾರು ಮಾಡಿಕೊಳ್ಳಬೇಡಿ ಎಂದು ಶುರು ಮಾಡಿದ.

“ಕಟ್ಟಿಕೊಂಡ ಗಂಡನ ಹತ್ರ ಮಾತು ಬಿಟ್ಟೋರು ಒಡಹುಟ್ಟಿದೋರಿಗೆ ಮಾತು ಕೂಡಿಸೋದು ಅಂದ್ರೆ, ನೀವೇ ಹೇಳಿ ಅಕ್ಕಾವ್ರೇ. ಮೇಜು ಬೇಡ. ಬಿಟ್ಟುಬಿಡಿ.”

ಅಕ್ಕ ಹೊಲಿಗೆ ಯಂತ್ರದ ಮುಂದೆ ಕೂತಲ್ಲೇ ಕೂತಿದ್ದಳು. ಅವನು ಹೋದ ಮೇಲೆ ಮಹಡಿ ಹತ್ತಿ ಬಂದ ಭಾವನಿಗೆ ಅವಳು ಅಂದದ್ದನ್ನು ಇಲ್ಲಿ ಬರೆಯಲು ನನ್ನ ಹತ್ತು ಬೆರಳೂ ಸಾಲವು. ಕೊನೆಯ ಭಾಗ ಇಷ್ಟು: “ನನ್ನ ಮರ್ಯಾದೆ ಹೇಗೆ ಕಳೆದ್ರೋ ಹಾಗೇ ತಂದುಕೊಡಿ.”

ಭಾವ ಆ ವಾರದ ಪೋಸ್ಟಿನಲ್ಲಿ ನಿಯಮ ಮುರಿದು, ಇದು ಬರೀ ಕತೆ, ನನ್ನ ಹೆಂಡತಿ ಧಾರಾಳವಾಗಿ ಮಾತಾಡುತ್ತಾಳೆ ಎಂದು ಬರೆದರು. ಅಯ್ಯೋ ಪಾಪ, ಕೈ ಹಿಡಿದು ಬರೆಸಿದ್ದಾಳೆ ಎಂದು ಕಾಮೆಂಟು ಬಂತು. ಧೈರ್ಯವಾಗಿರಿ ಎಂದು ಇನ್ನೊಂದು. ನರ್ಸಮ್ಮ ಕನ್ನಡಕದ ಅಂಗಡಿಗೇ ಹೋಗಿ, ನಿಮ್ಮ ಜೊತೆ ನಾವಿದ್ದೇವೆ ಎಂದು ಮೆಲ್ಲಗೆ ಹೇಳಿ ಬಂದರು.

ಹೊರಗಿನಿಂದ ಹೇಳಿದರೆ ಯಾರೂ ನಂಬುವುದಿಲ್ಲ, ಒಳಗಿನಿಂದಲೇ ಆಗಬೇಕು ಎಂದೆ ನಾನು. ಕತೆಯ ಹೆಂಡತಿ ಕತೆಯಲ್ಲೇ ಬಾಯಿ ಬಿಡಬೇಕು. ಅಕ್ಕ ಹೇಳಲಿ, ನಾನು ಟೈಪ್ ಮಾಡುತ್ತೇನೆ. ಡಾಕ್ಟರುಗಳ ಮಾತಿಗೇ ಹೆದರದವಳು ನಾನು.

ಅಕ್ಕ ಸೆರಗು ಬಿಗಿದುಕೊಂಡು ಬಂದು ಕೂತಳು. ನಾನು ಬೆರಳು ಇಟ್ಟೆ. ಅವಳು ಬಾಯಿ ತೆರೆದು, ಹಾಗೇ ಭಾವನ ಕಡೆ ತಿರುಗಿದಳು.

“ಅಲ್ಲಾರೀ, ಇವಳು ಯಾಕೆ ಮಾತು ಬಿಟ್ಟಿದ್ದು?”

ಭಾವ ಕನ್ನಡಕ ತೆಗೆದು ಒರೆಸಿದರು. “ಅದು ಮುಂದೆ ಗೊತ್ತಾಗುತ್ತೆ ಅಂತ ಬಿಟ್ಟಿದ್ದೆ.”

“ಯಾರಿಗೆ ಗೊತ್ತಾಗುತ್ತೆ?”

“ಓದೋರಿಗೆ.”

“ಬರೆಯೋ ನಿಮಗೇ ಗೊತ್ತಿಲ್ಲ. ಕಾರಣ ಇಲ್ಲದೆ ಹೆಂಗಸು ಮಾತು ಬಿಡ್ತಾಳೇನ್ರೀ? ಅದೇನು ಮರೆತ ಕೊಡೆಯಾ, ಎಲ್ಲೋ ಬಿಟ್ಟುಬರೋಕೆ?”

ಕಾರಣ ಸಿಗುವವರೆಗೆ ತನ್ನಿಂದ ಒಂದು ಸಾಲೂ ಹೇಳಲಾಗುವುದಿಲ್ಲ ಎಂದು ಎದ್ದು ಹೋದಳು. ಭಾವ ಬರೆದದ್ದನ್ನೆಲ್ಲ ಮೊದಲಿನಿಂದ ಓದಿದಳು. ಓದುತ್ತ ಹೊಲಿದಳು, ಹೊಲಿಯುತ್ತ ಯೋಚಿಸಿದಳು. ಯೋಚಿಸುವಾಗ ಅವಳು ಮಾತಾಡುವುದಿಲ್ಲ ಎನ್ನುವುದು ನಮಗ್ಯಾರಿಗೂ ಗೊತ್ತಿರಲಿಲ್ಲ, ಏಕೆಂದರೆ ಅಲ್ಲಿಯವರೆಗೆ ಮಾತಾಡುತ್ತಲೇ ಯೋಚಿಸುತ್ತಿದ್ದಳು. ಮನೆ ನಿಜವಾಗಿಯೂ ನಿಶ್ಶಬ್ದವಾಯಿತು. ಭಾವ ಕೆಳಗಿಳಿದು ಬಂದು ನನ್ನ ಮನೆಯಲ್ಲಿ ಕೂರತೊಡಗಿದರು.

“ಅವಳು ಮಾತಾಡ್ತಿಲ್ಲ ಕಣಮ್ಮ.”

“ಕತೆಗೆ ಯೋಚಿಸ್ತಿದಾಳೆ ಭಾವ.”

“ಅದು ನನಗೂ ಗೊತ್ತು. ಆದ್ರೂ ಊಟ ಸೇರ್ತಿಲ್ಲ.”

ಮುಂದಿನ ವಾರ ಪೋಸ್ಟು ಬರಲಿಲ್ಲ. ಬ್ಲಾಗು ಶುರುವಾದಂದಿನಿಂದ ತಪ್ಪಿದ್ದು ಅದೊಂದೇ.

ಒಂದು ಬೆಳಿಗ್ಗೆ ಅಕ್ಕ ಬಂದು, ಕೂತ್ಕೋ, ಟೈಪ್ ಮಾಡು ಎಂದಳು. ಕತೆಯ ಹೆಂಡತಿ ಹೇಳಿದ್ದು ಸಣ್ಣ ಸಂಗತಿ. ಅವಳು ಒಮ್ಮೆ ಗಂಡನಿಗೆ ಏನೋ ಹೇಳುತ್ತಿದ್ದಳು. ಅವನು ಸರಿಯಾದ ಜಾಗದಲ್ಲೆಲ್ಲ ಹೂಂ ಅನ್ನುತ್ತಿದ್ದ. ಅವಳು ನಡುವೆ ನಿಲ್ಲಿಸಿದಳು. ನಿಲ್ಲಿಸಿದ ಮೇಲೂ ಅವನು ಒಂದು ಹೂಂ ಅಂದ. ಇನ್ನು ಅವನಾಗಿ ಏನಾದರೂ ಕೇಳಿದರೆ ಮಾತ್ರ ಹೇಳೋಣ ಎಂದು ಅವಳು ತೀರ್ಮಾನಿಸಿದಳು. ‘ಅಂದಿನಿಂದ ಇವರು ವಾರವಾರವೂ ನಾನು ಮಾತಾಡುವುದಿಲ್ಲ ಎಂದು ಊರಿಗೆಲ್ಲ ಬರೆದಿದ್ದಾರೆ. ಮೇಲಿನಿಂದ ಕೆಳಗಿನವರೆಗೆ ಹುಡುಕಿ. ಇವರು ನನ್ನನ್ನು ಏನಾದರೂ ಕೇಳಿದ್ದು ಒಂದು ಕಡೆಯಾದರೂ ಇದ್ದರೆ ತೋರಿಸಿ.’

ಭಾವ ಅಲ್ಲೇ ನಿಂತು ಹುಡುಕಿದರು. ಇರಲಿಲ್ಲ. ಫ್ರಿಜ್ಜು, ನಲ್ಲಿ, ಟೇಪು ಎಲ್ಲ ಇದ್ದವು.

“ಇದು ಕತೆಗೆ ತಾನೆ?” ಎಂದು ಕೇಳಿದರು.

“ಕತೆಗೇ,” ಎಂದಳು ಅಕ್ಕ, ದಾರ ಕಡಿಯುತ್ತ.

ಪೋಸ್ಟು ಹೋದ ಮೇಲೆ ಬೀದಿ ಮಗ್ಗುಲು ಬದಲಾಯಿಸಿತು. ಓದುಗರೆಲ್ಲ ಹಿಂದಿನ ಪೋಸ್ಟುಗಳಿಗೆ ಹೋಗಿ ಗಂಡನ ಪ್ರಶ್ನೆ ಹುಡುಕಿ, ಸಿಗದೆ, ಅವನನ್ನು ತರಾಟೆಗೆ ತೆಗೆದುಕೊಂಡರು. ಕನ್ನಡಕ ಮಾಡಿಸಲು ಬಂದವರು ಮೇಲಿನ ಸಾಲಿನ ಅಕ್ಷರ ಓದುತ್ತಲೇ ಭಾವನಿಗೆ ಬುದ್ಧಿ ಹೇಳಿದರು. ನರ್ಸಮ್ಮ ಅಕ್ಕನಿಗೆ ಎರಡು ಹೊಸ ಬಟ್ಟೆ ಹೊಲಿಯಲು ಕೊಟ್ಟು, ಅಳತೆ ಕೊಡುವಷ್ಟು ಹೊತ್ತೂ ಗೌರವದಿಂದ ಸುಮ್ಮನಿದ್ದರು.

ಬೇಕರಿಯ ಅಣ್ಣ ಮತ್ತೆ ಬಂದ. ಈ ಸಲ ಹೊಸ್ತಿಲು ದಾಟಿದ. ಮೇಜು ಇಡೋಣ, ತಮ್ಮನೂ ಒಪ್ಪಿದ್ದಾನೆ ಎಂದ. ಅಕ್ಕನ ಮುಖ ಅರಳಿತು. ಯಾರು ಎಲ್ಲಿ ಕೂರಬೇಕು, ಯಾರ ವಿಷಯ ಮೊದಲು ಎತ್ತಬೇಕು ಎಂದು ಅವಳು ಶುರು ಮಾಡುತ್ತಿದ್ದಂತೆ ಅವನು ಕೈ ಅಡ್ಡ ಹಿಡಿದ.

“ನೀವಲ್ಲ ಅಕ್ಕಾವ್ರೇ. ಬ್ಲಾಗಲ್ಲಿರೋ ಆಯಮ್ಮ ಬರಲಿ.”

“ಅದೂ ನಾನೇ ಅಲ್ವೇನಪ್ಪಾ?”

“ಆಯಮ್ಮ ಇಷ್ಟು ಮಾತಾಡಲ್ಲ.”

ಅಕ್ಕ ನನ್ನ ಮುಖ ನೋಡಿದಳು. ಆಮೇಲೆ ಆಗಲಿ ಎಂದು ತಲೆಯಾಡಿಸಿದಳು.

ಅಂಗಡಿಯ ಯಾವ ಅರ್ಧದಲ್ಲಿಟ್ಟರೂ ಇನ್ನೊಬ್ಬನಿಗೆ ಅವಮಾನವೆಂದು ಮೇಜನ್ನು ಹೊರಗೆ, ಫುಟ್‌ಪಾತಿನ ಮೇಲೆ ಇಟ್ಟಿದ್ದರು. ಅಣ್ಣ ಒಂದು ಕಡೆ, ತಮ್ಮ ಒಂದು ಕಡೆ, ನಡುವೆ ಅಕ್ಕ, ಪಕ್ಕದಲ್ಲಿ ನಾನು. ಅಕ್ಕ ಸುಮ್ಮನೆ ಕೂತಳು. ಬಸ್ಸು ಹೋಯಿತು. ನಾಯಿಯೊಂದು ಬಂದು ಎಲ್ಲರನ್ನೂ ನೋಡಿ ಹೋಯಿತು. ಅಕ್ಕನ ಕೈ ನನ್ನ ಮೊಣಕೈ ಹಿಂಡುತ್ತಿತ್ತು. ಗುಂಡುಸೂಜಿ ಕಚ್ಚಿದ್ದಾಗಲೂ ಬಾಯಿ ಮುಚ್ಚಿ ಅವಳಿಗೆ ಅಭ್ಯಾಸವಿಲ್ಲ.

ಅಣ್ಣ ಗಾಳಿಗೆ ಹೇಳಿದ ಹಾಗೆ, “ಇವರು ಮಾತಾಡಲ್ಲ,” ಎಂದ.

“ಗೊತ್ತು, ನಾನೂ ಓದಿದೀನಿ,” ಎಂದ ತಮ್ಮ.

“ನೀನು ಯಾವಾಗ ಓದ್ದೆ?”

“ಹಿಟ್ಟು ಉಬ್ಬೋವಾಗ ಇನ್ನೇನು ಕೆಲಸ.”

ಅಕ್ಕನ ಮೌನವನ್ನು ಅವರಿಂದ ತಡೆಯಲಾಗಲಿಲ್ಲ. ಗಂಡನದೇ ತಪ್ಪು, ಕೇಳಬೇಕಿತ್ತು ಎಂದ ಅಣ್ಣ. ಹೆಂಡತಿಗೂ ಜಂಬ ಇತ್ತು, ಒಂದು ಸಲ ಹೇಳಿದ್ದರೆ ಅವಳ ಗಂಟು ಹೋಗುತ್ತಿತ್ತಾ ಎಂದ ತಮ್ಮ. ಅಕ್ಕನ ಕಿವಿ ಕೆಂಪಾಯಿತು. ಇಬ್ಬರೂ ಅವಳನ್ನು ಎದುರಿಗೇ ಕೂರಿಸಿಕೊಂಡು, ಅವಳು ಇಲ್ಲವೇನೋ ಎಂಬಂತೆ ಅವಳ ಸಂಸಾರವನ್ನು ಜಗ್ಗಾಡಿದರು. ಇಬ್ಬರು ಹೇಳುತ್ತಿದ್ದದ್ದೂ ತಪ್ಪು. ಸರಿ ಏನೆಂದು ಅವಳಿಗೆ ಗೊತ್ತಿತ್ತು. ಅವಳು ನನ್ನ ಮೊಣಕೈಯನ್ನು ಇನ್ನಷ್ಟು ಹಿಂಡಿದಳು.

ಮೆಲ್ಲಗೆ ಮಾತು ಬ್ಲಾಗಿನಿಂದ ಬ್ರೆಡ್ಡಿಗೆ ಇಳಿಯಿತು. ಹಿಟ್ಟು ಹುಳಿ ಬರುತ್ತಿದೆ ಎಂದ ಅಣ್ಣ. ನೀನು ಬಾಗಿಲು ತೆಗೆಯುವವರೆಗೆ ಬಿಸಿಲಲ್ಲಿ ಕೂತರೆ ಇನ್ನೇನು ಸಿಹಿ ಬರುತ್ತಾ ಎಂದ ತಮ್ಮ. ಹಾಗಾದರೆ ಬಂದು ನೋಡು ಎಂದು ಒಬ್ಬ ಎದ್ದ, ನಡಿ ಎಂದು ಇನ್ನೊಬ್ಬ ಎದ್ದ. ಇಬ್ಬರೂ ಒಲೆಯ ಕಡೆಯ ಬಾಗಿಲಿನಿಂದ ಜಗಳವಾಡುತ್ತ ಒಳಗೆ ಹೋದರು. ನಮ್ಮನ್ನು ಮರೆತಿದ್ದರು.

ಅವರ ಅಂಗಡಿ ಈಗ ಒಂದೇ. ಅಕ್ಕನ ಹೆಸರು ಬೀದಿಯಲ್ಲಿ ಮೊದಲಿಗಿಂತ ದೊಡ್ಡದಾಗಿದೆ. ಒಂದೇ ಒಂದು ಮಾತಾಡದೆ ಬಗೆಹರಿಸಿದರು ಎಂದು ಬೇಕರಿಯವರು ಬ್ರೆಡ್ಡು ಕಟ್ಟಿಕೊಡುವಾಗಲೆಲ್ಲ ಹೇಳುತ್ತಾರೆ. ಮಾವ ಅಳಿಯಂದಿರು, ಮೇಲಿನ ಮನೆ ಕೆಳಗಿನ ಮನೆಯವರು, ಬಂದು ಕೈ ಮುಗಿದು ಕರೆಯುತ್ತಾರೆ: ನೀವು ಏನೂ ಹೇಳುವುದು ಬೇಡ, ಬಂದು ಕೂತರೆ ಸಾಕು. ಅಕ್ಕ ಹೋಗುತ್ತಾಳೆ. ಎಲ್ಲರ ಮಾತು ಕೇಳುತ್ತಾಳೆ. ತುಟಿ ಬಿಗಿದು ಮಹಡಿ ಹತ್ತುತ್ತಾಳೆ. ಬಾಗಿಲು ಹಾಕಿಕೊಂಡ ಮೇಲೆ, ಅಲ್ಲಿ ಹೇಳಬೇಕಾಗಿದ್ದದ್ದನ್ನೆಲ್ಲ, ಮಾವನ ಪರವಾಗಿಯೂ ಅಳಿಯನ ಪರವಾಗಿಯೂ, ಭಾವನಿಗೆ ಹೇಳುತ್ತಾಳೆ.

ಭಾವನಿಗೆ ಈಗ ಬರೆಯಲು ಪುರುಸೊತ್ತಿಲ್ಲ. ಬ್ಲಾಗು ನಿಲ್ಲಬಾರದೆಂದು ವಾರಕ್ಕೊಮ್ಮೆ ನಾನೇ ಹೋಗಿ, ಇಬ್ಬರ ಎದುರು ಕೂತು ಟೈಪ್ ಮಾಡಿಕೊಂಡು ಬರುತ್ತೇನೆ. ಹೋದ ವಾರ ಅಕ್ಕ ಉಸಿರು ತೆಗೆದುಕೊಳ್ಳಲು ಒಂದು ಗಳಿಗೆ ನಿಲ್ಲಿಸಿದಳು. ಭಾವ ಹೂಂ ಅನ್ನಲಿಲ್ಲ. ಕನ್ನಡಕ ಸರಿಮಾಡಿಕೊಂಡು, “ಆಮೇಲೆ ಆ ಅಳಿಯ ಏನಂದ?” ಎಂದು ಕೇಳಿದರು.

ಪಾಪ, ಅಕ್ಕನಿಗೆ ಅಷ್ಟೇ ಸಾಕಾಯಿತು. ಇನ್ನೂ ಹೇಳುತ್ತಲೇ ಇದ್ದಾಳೆ.